ಬಾಗಿಲು ನುಂಗಿದ ವರ್ಷ

ಸರ್ಕಾರಿ ಬಾಗಿಲುಗಳು ಒಳಬರುವವರ ಬಾಲ್ಯವನ್ನು ಗಟ್ಟಿಯಾಗಿ ಓದುವುದಕ್ಕೆ ಈಗ ಯಾರೂ ಕಿವಿಗೊಡುವುದಿಲ್ಲ. ಮಕ್ಕಳಾಗಿದ್ದಾಗ ಮಾಡಿದ ಅಪರಾಧವನ್ನು ಮಾತ್ರ ಬಾಯಿಬಿಡಬಾರದೆಂದು ದಯಾಳು ಕಾನೂನೊಂದಿದೆ. ಹಾಗಾಗಿ ಬಾಗಿಲು ಆ ವರ್ಷವನ್ನೇ ನುಂಗುತ್ತದೆ. ಎಲ್ಲರ ಕಿವಿ ನಿಮಿರುವುದು ಆಗಲೇ.

ಶಾಲೆಯ ಅಡುಗೆ ಕೆಲಸದ ಸಂದರ್ಶನಕ್ಕೆ ನಾನು ಹೊಸ್ತಿಲು ದಾಟಿದೆ. "ನೀಲವ್ವ. ಹನ್ನೆರಡು, ಎಮ್ಮೆ ಕಾಯ್ದಳು. ಹದಿಮೂರು, ಹಾಡಿನಲ್ಲಿ ಬಹುಮಾನ. ಹದಿನೈದು, ಹೊಲಿಗೆ ಕಲಿತಳು" ಎಂದಿತು ಬಾಗಿಲು.

ಒಳಗಿದ್ದ ಮಾಸ್ತರರು ಚುರುಮುರಿ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು. ಸಮಿತಿಯ ಅಧ್ಯಕ್ಷ ಶಿವಯೋಗಿ ಹಂಚಿನಾಳ ಹಾಲಿನಲ್ಲಿ ನೊಣ ಕಂಡವನಂತೆ ಮುಖ ಮಾಡಿದ. ಅವನು ಬಂದಾಗ ಇದೇ ಬಾಗಿಲು "ಹದಿನಾಲ್ಕು, ಪ್ರಾಮಾಣಿಕತೆಯ ಕುರಿತ ಭಾಷಣದಲ್ಲಿ ಪ್ರಥಮ" ಎಂದು ಸಾರಿದ್ದನ್ನು ಹೊರಗಿನ ಬೆಂಚಿನಲ್ಲಿ ಕೂತು ಕೇಳಿದ್ದೆ.

"ಹದಿನಾಲ್ಕನೇ ವರ್ಷ ಎಲ್ಲಿ ಹೋತವ್ವಾ?" ಎಂದ. "ಕೇಳಬಾರದು ಅಂತ ಗೊತ್ತೈತಿ. ಆದ್ರ ಮಕ್ಕಳ ಊಟದ ಮಾತು ನೋಡು."

ಮೂವತ್ತು ವರ್ಷಗಳಿಂದ ಈ ಪ್ರಶ್ನೆಗೆ ತಲೆ ತಗ್ಗಿಸಿ ಎದ್ದುಬಂದಿದ್ದೇನೆ. ಆದರೆ ಇವನೆದುರು ತಗ್ಗಿಸುವಷ್ಟು ಅಗ್ಗದ ತಲೆ ನನ್ನದಲ್ಲ.

"ಇದ ಸಾಲಿ ಹಿತ್ತಾಳಿ ಗಂಟಿ ಕದ್ದಿದ್ದು, ಸಾಹೇಬ್ರ" ಎಂದೆ. "ನಾ ಕೆಳಗ ಉಡಿ ಒಡ್ಡಿ ನಿಂತಿದ್ದೆ. ಮ್ಯಾಲೆ ಹತ್ತಿ ಹಗ್ಗ ಕೊಯ್ದಾವ ಬ್ಯಾರೆ. ಸಪ್ಪಳಕ್ಕ ಮಂದಿ ಬಂದ ಕೂಡ್ಲೆ ಅವ ಗ್ವಾಡಿ ಹಾರಿ ಓಡಿದ, ಗಂಟಿ ಸಮೇತ ನಾ ಸಿಕ್ಕೆ. ಎಷ್ಟ ಬಡದ್ರೂ ಅವನ ಹೆಸರು ಹೇಳಲಿಲ್ಲ."

ಶಿವಯೋಗಿ ನನ್ನ ಅರ್ಜಿಯನ್ನು ಮಡಚತೊಡಗಿದ.

"ಅದರ ಮುಂದಿನ ವಾರನ ನೀವು ಆ ಭಾಷಣ ಮಾಡಿದ್ರಿ."