ಬೋನಸ್ಸಿನ ಮೇಲೊಂದು ರೂಪಾಯಿ

"ಇದರಾಗ ಅಸಲು ಯಾವ್ದು, ನಕಲು ಯಾವ್ದು?"

ದಾನೇಶ್ವರಿ ಮೇಡಂ ಎರಡು ಪ್ರಿಂಟ್‌ಔಟ್‌ಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರು. ಮರಾಠಿ ಸೀಮೆಯ ಕಲ್ಯಾಣದ ಆ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಅವರು ಹೊರಗಿನಿಂದ ಬಂದ ಪರೀಕ್ಷಕರು. ಹೆಸರು ಓದಿ, ಊರು ಕೇಳಿ, ಎದುರಿಗೆ ಕೂತವರು ಕನ್ನಡ ಬಲ್ಲವರೆಂದು ಗೊತ್ತಾದದ್ದೇ ತಮ್ಮ ವಿಜಾಪುರದ ಮಾತಿಗೆ ಇಳಿದಿದ್ದರು. ಕೂತವರು ಜಯಲತಾ ಶೆಟ್ಟಿ ಮತ್ತು ಸಮಿತ್ ಶೆಟ್ಟಿ, ತಾಯಿ ಮತ್ತು ಮಗ. ಮೊದಲ ವರ್ಷದ ಬಿ.ಕಾಂ.ನವರು ವ್ಯಾಪಾರಕ್ಕೆ ಬೇಕಾಗುವ ಪ್ರೋಗ್ರಾಮಿಂಗ್ ಕಲಿಯಬೇಕು. ಈ ಸಲ ನೌಕರರ ದೀಪಾವಳಿ ಬೋನಸ್ ಲೆಕ್ಕ ಹಾಕುವ ಪ್ರೋಗ್ರಾಂ ಬರೆದು ತರಬೇಕಿತ್ತು. ಇಬ್ಬರದೂ ಒಂದು ಚುಕ್ಕೆಯ ವ್ಯತ್ಯಾಸವಿಲ್ಲದೆ ಒಂದೇ ಆಗಿತ್ತು.

"ಸರಿ ಉಂಟಾ ನೋಡು" ಎಂದು ಜಯಲತಾ ಮೊನ್ನೆ ತಾನು ಬರೆದದ್ದನ್ನು ಮಗನಿಗೆ ತೋರಿಸಿದ್ದು ಹೌದು. ಅವನು ಒಂದು ಗಳಿಗೆ ನೋಡಿ "ಚಲ್ತಾ ಹೈ ಮಮ್ಮಿ" ಅಂದದ್ದೂ ಹೌದು. ಅದಕ್ಕೇ ತನ್ನ ಹೆಸರು ಅಂಟಿಸಿ ತಂದಿದ್ದಾನೆಂದು ಯಾರು ಎಣಿಸಿದ್ದರು? ಹೋದ ವರ್ಷ ಇದೇ ವಿಷಯದಲ್ಲಿ ಬಿದ್ದು, ಅಮ್ಮನ ಬ್ಯಾಚಿಗೆ ಬಂದು ಕೂತ ಮಹಾನುಭಾವ ಅವನು. ತಲೆ ಚುರುಕು, ಮೈ ಮಾತ್ರ ಬಗ್ಗದು. ಈ ಸಲವೂ ಬಿದ್ದರೆ ಅವನ ಒಂದು ವರ್ಷ ನೀರಿಗೆ ಹೋದಂತೆ. ಅವಳ ಆಸೆಯೂ ಸಣ್ಣದೇನಲ್ಲ. ಮದುವೆ ಕಾಗದದಲ್ಲಿ ಗಂಡ ಶಂಭುವಿನ ಹೆಸರಿನ ಮುಂದೆ ಬಿ.ಕಾಂ. ಎಂದು ಅಚ್ಚಾಗಿತ್ತು, ಅವಳ ಹೆಸರಿನ ಮುಂದೆ ಏನೂ ಇರಲಿಲ್ಲ. ಆ ಖಾಲಿ ಜಾಗ ಇಷ್ಟು ವರ್ಷ ಅವಳನ್ನು ಚುಚ್ಚುತ್ತಲೇ ಬಂದಿತ್ತು.

"ಈ ಲೂಪ್ ಹೆಂಗ ನಡೀತೈತಿ, ಹೇಳ್ರಿ," ಎಂದರು ಮೇಡಂ.

ಲೂಪ್ ಎಂದರೆ ಸುತ್ತುವುದು, ಅಷ್ಟು ಗೊತ್ತು. ಯಾಕೆ ಸುತ್ತುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರು ನಿಲ್ಲಿಸುತ್ತಾರೆ, ದೇವರೇ ಬಲ್ಲ. ತಪ್ಪು ಬಂದಾಗ ಬದಲಿಸಿದ್ದಳು, ಮತ್ತೆ ತಪ್ಪು ಬಂದಾಗ ಮತ್ತೆ ಬದಲಿಸಿದ್ದಳು. ತಿಂಗಳ ಮೇಲೆ ಒಂದು ಮಧ್ಯಾಹ್ನ, ಕುಕ್ಕರ್ ಕೂಗುತ್ತಿರುವಾಗ, ಅದು ತನ್ನಷ್ಟಕ್ಕೆ ಸರಿಯಾಗಿ ಓಡಿಬಿಟ್ಟಿತು. ಆಮೇಲೆ ಹೆದರಿ ಅದನ್ನು ಮುಟ್ಟಲೇ ಇಲ್ಲ.

"ಅದು... ಸುತ್ತುತ್ತದೆ ಮೇಡಂ."

ಹಿಂದೆ ಯಾರೋ ಕಿಸಕ್ಕೆಂದರು. ಸಮಿತನನ್ನು ಕೇಳಿದ್ದೇ ತಡ, ಹಿಂದಿ ಇಂಗ್ಲಿಷ್ ಬೆರೆಸಿ ಅರಳು ಹುರಿದಂತೆ ಹೇಳಿದ: ಪಟ್ಟಿಯಲ್ಲಿರುವ ನೌಕರರನ್ನು ಒಬ್ಬೊಬ್ಬರಾಗಿ ತೆಗೆದುಕೊಳ್ಳುತ್ತದೆ, ಅವರವರ ಬೋನಸ್ ಹಾಕುತ್ತದೆ, ಹೆಸರುಗಳು ಮುಗಿದಾಗ ನಿಲ್ಲುತ್ತದೆ. ಜಯಲತಾ ಬಾಯಿ ಬಿಟ್ಟುಕೊಂಡು ಕೇಳಿದಳು. ಹೌದಾ, ನಾನು ಬರೆದದ್ದು ಇದನ್ನೇನಾ!

ಮೇಡಂ ತಾಯಿಯ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗ ತಾಯಿಯದನ್ನು ನೋಡಿ ಬರೆಯುತ್ತಾನೆಂದು ಲೋಕದಲ್ಲಿ ಯಾರಿಗೆ ಹೊಳೆದೀತು? "ನಕಲು ಮಾಡಿದವ್ರಿಗೆ ಸೊನ್ನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಜಯಲತಾಳಿಗೆ ಹೇಳಿದವರು ಸೊನ್ನೆ ಬರೆಯುವ ಮುಂಚೆ ಸುಮ್ಮನೆ ಮಗನ ಕಡೆ ತಿರುಗಿದರು. "ಅಲ್ಲಪಾ, ಕಡೀಕ ಬೋನಸ್ಸಿಗೆ ಒಂದು ಕೂಡಿಸೀಯಲ್ಲ, ಅದ್ಯಾಕ?"

"ವೋ ರೌಂಡಿಂಗ್ ಕೇ ಲಿಯೇ ಹೈ, ಮೇಡಂ," ಎಂದ ಸಮಿತ್, ಪೈಸೆಗಳನ್ನು ರೌಂಡ್ ಮಾಡಲಿಕ್ಕೆಂದು, ರೆಪ್ಪೆ ಮಿಟುಕಿಸದೆ.

"ರೌಂಡಾ?" ಜಯಲತಾಳ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು. "ಎಂಥದು ಮಾರಾಯಾ, ರೌಂಡ್ ಆಗ್ಬಾರ್ದು ಅಂತಲೇ ಅಲ್ವಾ ನಾನು ಅದನ್ನು ಹಾಕಿದ್ದು! ಮೇಡಂ, ಇಲ್ಲೇ ಹತ್ತಿರ ಶಹಾಡಿನ ನಮ್ಮ ಹೋಟೆಲಲ್ಲಿ ಕೆಲಸದವರ ದೀಪಾವಳಿ ಕವರು ನಾನೇ ತುಂಬುವುದು. ಐದು ಸಾವಿರ ಅಂತ ಬೋಳು ಬೋಳಾಗಿ ಯಾರಾದ್ರೂ ಕೊಡ್ತಾರಾ? ಮೇಲೊಂದು ರೂಪಾಯಿ ಇಡ್ಲೇಬೇಕಲ್ವಾ?"

ಮೇಡಂ ನಕ್ಕೇಬಿಟ್ಟರು. "ಖರೇ ಐತಿ ನೋಡ್ರಿ. ನಾವೂ ಮುಯ್ಯಿ ಮಾಡೂಮುಂದ ಹಂಗ ಇಡ್ತೀವಿ." ನಗು ಅರ್ಧಕ್ಕೇ ನಿಂತಿತು. ಅವರು ಸಮಿತನನ್ನು ದಿಟ್ಟಿಸಿದರು. "ಹಂಗಾರ ನಕಲು ಹೊಡದಾಂವ ನೀನಽ?"

ಸಮಿತ್ ತಲೆ ತಗ್ಗಿಸಿದ. ಕಿವಿ ಕೆಂಪಗಾಗಿತ್ತು. ತಾನು ಏನು ಮಾಡಿಬಿಟ್ಟೆ ಎಂಬುದು ಜಯಲತಾಳಿಗೆ ಆಗ ಹೊಳೆಯಿತು. ಮಗನ ಮೇಲೆ ಸಿಟ್ಟು ಬಂತು, ಆ ಕೆಂಪು ಕಿವಿ ನೋಡಿ ಕರುಳೂ ಚುರುಕ್ಕೆಂದಿತು. ಬರೆದದ್ದು ಅವನೇ ಎಂದುಬಿಡಲೇ ಅನಿಸಿತು. ಹಾಗೆಂದರೆ ತಿಂಗಳಿಡೀ ತಾನು ಪಟ್ಟ ಪಾಡು ಯಾರದಾಗಬೇಕು? ಯಾವ ಕಡೆ ಹೋಗಬೇಕೆಂದು ತಿಳಿಯದೆ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಳು.

"ಇವಗ ಸೊನ್ನಿ," ಎಂದರು ಮೇಡಂ. "ಹಂಗಂತ ನಿಮಗೂ ಪುಕ್ಕಟ ಮಾರ್ಕ್ಸ್ ಇಲ್ಲ. ನೀವಽ ಬರದಿದ್ದು ಅಂದಮ್ಯಾಲ ಲೂಪ್ ಹೆಂಗ ನಡೀತೈತಿ, ಈಗರ ಹೇಳ್ರಿ."

ಹೇಳುವುದೇನೂ ಕಷ್ಟವಿರಲಿಲ್ಲ. ಈಗಷ್ಟೇ ಕೇಳಿದ ಒಂದೊಂದು ಮಾತೂ ಅವಳ ನಾಲಗೆಯ ತುದಿಯಲ್ಲಿತ್ತು. ಹೇಳಿಬಿಟ್ಟರೆ ಪಾಸು. ಜಯಲತಾ ಒಮ್ಮೆ ಮೇಡಂ ಮುಖ ನೋಡಿದಳು, ಒಮ್ಮೆ ಮಗನ ಮುಖ ನೋಡಿದಳು.

"ಈಗ ನನಗೆ ಬರ್ತದೆ ಮೇಡಂ," ಎಂದಳು, ಏನು ಮಾಡಬೇಕೆಂದು ತೋಚದವಳಂತೆ. "ಆದ್ರೆ ಅದು ಇವನು ಹೇಳಿದ್ದನ್ನು ಕೇಳಿ ಬಂದದ್ದು. ಹೇಳಿದ್ರೆ ನಂದೂ ನಕಲೇ ಆಗ್ತದಲ್ಲಾ. ಹೇಳ್ಲಾ, ಬೇಡ್ವಾ?"