ಎರಡಕ್ಕೆ ಒಂದು ಕೂಡಿಸಿದರೆ ಇಪ್ಪತ್ತೊಂದು

ಅಮೋಘಸಿದ್ಧನಿಗೆ "ಇದು ತಪ್ಪು" ಎಂಬ ಮಾತು ಕೇಳಿಸಿಕೊಳ್ಳುವ ತಾಳ್ಮೆ ಇರಲಿಲ್ಲ.

ವಿಜಯಪುರದ ಹಾಸ್ಟೆಲಿನಲ್ಲಿ ಅವನೂ ರೂಮ್‌ಮೇಟ್ ಇಮಾಮನೂ ಸೇರಿ ಒಂದು ಸಣ್ಣ ಆಸ್ಪತ್ರೆಗೆ ವೆಬ್ ಪೇಜ್ ಮಾಡುತ್ತಿದ್ದರು. ಯಾವ ಗುಂಪಿನ ರಕ್ತ ಎಷ್ಟು ಬಾಟಲಿ ಇದೆ ಎಂದು ತೋರಿಸುವ ಪೇಜ್.

"ಕೋಡ್ ಜಾವಾಸ್ಕ್ರಿಪ್ಟ್ ಭಾಷಾದಾಗ ಬ್ಯಾಡ, ಪೈಥಾನ್‌ನಾಗ ಬರಿಯೋಣು," ಎಂದ ಇಮಾಮ್. "ಅಂಕಿಗೆ ಅಕ್ಷರ ಕೂಡ್ಸಾಕ ಹೋದ್ರ ಅದು ಅಲ್ಲೇ ನಿಂತು ಎರರ್ ಕೊಡ್ತೈತಿ."

"ಥೇಟ್ ನಿನ್ನಂಗ. ಮಾತ್‌ಮಾತಿಗೂ ತಕರಾರು."

"ಜಾವಾಸ್ಕ್ರಿಪ್ಟ್ ತಕರಾರು ಮಾಡಂಗಿಲ್ಲ, ಅದಕ್ಕಾ ಹೆದರಿಕಿ ನನಗ. ಬಾಕ್ಸ್‌ನಾಗ ಟೈಪ್ ಮಾಡಿದ್ದು ಅದಕ್ಕ ಬರೇ ಅಕ್ಷರ. ಎರಡಕ್ಕ ಒಂದು ಕೂಡ್ಸು ಅಂದ್ರ ಪಕ್ಕಕ್ಕ ಅಂಟಿಸಿ ಇಪ್ಪತ್ತೊಂದು ಅಂತೈತಿ."

ಅಮೋಘಸಿದ್ಧ ಅಲ್ಲೇ ಜಾವಾಸ್ಕ್ರಿಪ್ಟ್‌ನಲ್ಲಿ ಐದರಲ್ಲಿ ಎರಡು ಕಳೆದು ತೋರಿಸಿದ. ಮೂರು ಬಂತು.

"ಕಳಿಯೂದು ಸರಿ ಬರ್ತೈತಲೇ. ಕೂಡಿಸಿ ನೋಡು."

"ಮಾಸ್ತರ, ನಿಮ್ಮ ಪಾಠ ಮುಗೀತಾ?"

ಕೂಡಿಸಿ ನೋಡಲಿಲ್ಲ. ಮರುದಿನ ಇಮಾಮ್ ರೂಮು ಬದಲಿಸಿದ.

ಅಮೋಘಸಿದ್ಧ ಒಬ್ಬನೇ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದು ಮುಗಿಸಿದ ಪೇಜ್ ಶುರುವಾಯಿತು. ಮೊದಮೊದಲು ರಕ್ತ ಒಯ್ಯುವವರೇ ಬಂದರು. ಬರೀ ಕಳೆಯುವ ಲೆಕ್ಕ... ತಪ್ಪಲಿಲ್ಲ.

ಆಮೇಲೊಂದು ಮಧ್ಯಾಹ್ನ ಅವನ ಅಕ್ಕ ನೀಲವ್ವನನ್ನು ಹೆರಿಗೆಗೆ ಅದೇ ಆಸ್ಪತ್ರೆಗೆ ಕರೆತಂದರು. ಹೆಣ್ಣು ಮಗು ಹುಟ್ಟಿತು. ರಕ್ತಸ್ರಾವ ನಿಲ್ಲಲಿಲ್ಲ.

ಅಕ್ಕನದು ಓ ನೆಗೆಟಿವ್. ಸಿಗುವುದೇ ಅಪರೂಪ. ಅಕ್ಕನ ಗಂಡ ದಾನಿಗಳನ್ನು ಹುಡುಕಲು ಎದ್ದ. ಅಮೋಘಸಿದ್ಧ ಫೋನ್ ತೆಗೆದು ಪೇಜ್ ತೋರಿಸಿದ.

"ಎಲ್ಲಿಗೂ ಹೋಗಬ್ಯಾಡ ಮಾಮಾ. ಇಪ್ಪತ್ತೊಂದು ಬಾಟ್ಲಿ ಅದಾವ."

ಮಾಮಾ ನಂಬಿ ಕೂತ.

ಮೂರನೆಯ ಬಾಟಲಿ ಏರಿಸಿದ ಮೇಲೆ ನರ್ಸ್ ಹೊರಗೆ ಬಂದರು. "ಫ್ರಿಜ್ ಖಾಲಿ ಆತ್ರಿ."

"ಇನ್ನ ಹದಿನೆಂಟು ಅದಾವಲ್ರೀ..."

"ಈಗ ರಿಜಿಸ್ಟರ್ ತಗದು ನೋಡಿದ್ವಿ, ಮೊದಲ ಎರಡಾ ಇದ್ದವು. ನಿನ್ನೆ ಇಮಾಮ್ ಅನ್ನೋ ಹುಡುಗ ಬಂದು ಒಂದು ಕೊಟ್ಟ. ಕೂಡಿಸೋ ಬಾಕ್ಸ್‌ನಾಗ ಒಂದು ಅಂತ ನಾನಾ ಟೈಪ್ ಮಾಡೀನಿ. ಕಡಿಮಿ ಬಿದ್ರ ಫೋನ್ ಮಾಡ್ರಿ, ನನ್ನ ತಮ್ಮಂದೂ ಅದಾ ಗುಂಪು ಅಂದಿದ್ದ... ಪೇಜ್‌ನಾಗ ಇಪ್ಪತ್ತೊಂದು ಕಾಣ್ತು. ಅದಕ್ಕ ನಾವು ಮಾಡ್ಲಿಲ್ಲ."

ಈಗ ಫೋನ್ ಹೋಯಿತು. ಇಮಾಮ್ ತಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ.

ಅಷ್ಟರಲ್ಲಿ ಅಕ್ಕನ ಮುಖಕ್ಕೆ ಬಟ್ಟೆ ಎಳೆದಿದ್ದರು.

"ಬೈಯಲೇ ದೋಸ್ತ..." ಎಂದ ಅಮೋಘಸಿದ್ಧ. "ಒಂದು ಸಲ ಬೈದುಬಿಡು."

ಇಮಾಮ್ ಬೈಯಲಿಲ್ಲ. ಪಕ್ಕದಲ್ಲಿ ಕೂತು ಅವನ ಹೆಗಲ ಮೇಲೆ ಕೈ ಇಟ್ಟ.

ಒಳಗೆ ಮಗು ಹಾಲಿಗೆ ಅಳುತ್ತಿತ್ತು...

*ಎಲ್ಲದಕ್ಕೂ ಹೂಂ ಎನ್ನುವವನಿಗಿಂತ, ತಪ್ಪಾದಲ್ಲಿ ತಡೆದು ನಿಲ್ಲಿಸುವವನೇ ನಮ್ಮವನು.*

"ಇದು ತಪ್ಪು" ಎಂದು ಹೇಳಿದ್ದಕ್ಕೆ ನೀವು ಯಾರನ್ನು ದೂರ ಮಾಡಿದ್ದೀರಿ?

ಪೇಜಿನಲ್ಲಿ ಇಪ್ಪತ್ತೊಂದು. ಫ್ರಿಜ್ಜಿನಲ್ಲಿ ಮೂರು. ಹೋದದ್ದು ಒಬ್ಬಳು ಅಕ್ಕ.