ಮಗ್ಗುಲಾದ ಮೀನು

ಮೀನು ಮತ್ತೆ ಅಡ್ಡ ಬಿದ್ದಿತ್ತು. ಬಸವಣ್ಣೆಪ್ಪ ಗಾಜಿನ ತೊಟ್ಟಿಯ ಮುಚ್ಚಳ ಸರಿಸಿ, ಕಸಬರಿಗೆಯಿಂದ ಹಿರಿದ ಕಡ್ಡಿಯನ್ನು ನೀರಿಗಿಳಿಸಿ, ಅದರ ಪಕ್ಕೆಗೆ ಮೆಲ್ಲಗೆ ತಾಗಿಸಿದ. ಮೀನು ಗಡಬಡಿಸಿ ಎದ್ದು ಹೆಂಚಿನ ಚೂರಿನ ಮರೆಗೆ ಸೇರಿಕೊಂಡಿತು. “ಹಾಂ, ಹಂಗ. ಎದ್ದ ನಿಂದ್ರಬೇಕು,” ಎಂದ.

ಅಕ್ಕಿಆಲೂರಿನ ಸುತ್ತಲಿನ ಹತ್ತು ಹಳ್ಳಿಯಲ್ಲಿ ಹೊಸ ಎತ್ತು ತಂದವರು ಮೊದಲು ಹೇಳಿಕಳಿಸುತ್ತಿದ್ದುದು ಬಸವಣ್ಣೆಪ್ಪನಿಗೇ. ಹೊಸ ಗೋದಲಿಯಲ್ಲಿ ಮೇವು ಮುಟ್ಟದೆ ನಿಂತ ಎತ್ತಿನ ಹತ್ತಿರ ನಾಲ್ಕು ದಿನ ಕುಳಿತು, ಮೈ ತಿಕ್ಕಿ, ಅದನ್ನು ಆ ಮನೆಯದನ್ನಾಗಿ ಮಾಡಿಯೇ ಅವನು ಎದ್ದು ಬರುತ್ತಿದ್ದ. ಅವನ ಕೈಗೆ ಬಂದ ದನ ಒಂದೂ ತಂದ ಸಂತೆಗೇ ಹೊಳ್ಳಿ ಹೋದದ್ದಿಲ್ಲ. ಹೀಗಾಗಿ ಸೋಮವಾರ, ಶಾಲೆಯಲ್ಲಿ ಕಲಿಸುವ ಸೊಸೆ ಅಂಕಿತಾ ಹಾನಗಲ್ಲಿನಿಂದ ಲೋಚ್ ಎಂಬ ಜಾತಿಯ ಈ ಮೀನನ್ನು ತಂದು, ನೀರು ತುಂಬಿದ ಚೀಲದ ಸಮೇತ ತೊಟ್ಟಿಯಲ್ಲಿ ಅರ್ಧ ತಾಸು ತೇಲಿಬಿಟ್ಟು, ತೊಟ್ಟಿಯ ನೀರನ್ನು ಚೀಲದೊಳಕ್ಕೆ ಬಟ್ಟಲು ಬಟ್ಟಲಾಗಿ ಬೆರೆಸಿದಾಗ ಅವನು ತಲೆದೂಗಿದ್ದ. ಹೊಸ ಊರಿನ ನೀರು ಒಮ್ಮೆಲೇ ಕುಡಿಸಬಾರದು, ಯಾವ ಜೀವಕ್ಕಾದರೂ ಅಷ್ಟೇ. “ನೀ ಸಾಲಿಗೆ ಹೋಗವಾ. ಹಗಲೆಲ್ಲಾ ನಾ ನೋಡ್ತೇನಿ. ವಾರದಾಗ ಹೊಂದಸ್ತೇನಿ,” ಎಂದಿದ್ದ.

ಬಂದಾಗ ಮೀನು ಕಿತ್ತಳೆ ಬಣ್ಣಕ್ಕಿತ್ತು, ಮೈಮೇಲೆ ಮೂರು ಅಗಲ ಕರಿಪಟ್ಟೆ. ಶನಿವಾರದ ಹೊತ್ತಿಗೆ ಪಟ್ಟೆಗಳು ಬೂದಿ ಬಳಿದಂತಾಗಿದ್ದವು. ಹಾಕಿದ ಕಾಳು ಮರಳ ಮೇಲೆ ಹಾಗೇ ಉಳಿಯುತ್ತಿತ್ತು. ಇದು ಹೊಂದಿಕೊಂಡರೆ ಜೊತೆಗೆ ಇನ್ನೆರಡು ತರಬೇಕೆಂದಿದ್ದ ಅಂಕಿತಾ, ನಿನ್ನೆ ಸಂಜೆ ಬೇರೆಯೇ ಮಾತು ಆಡಿದ್ದಳು: ಬರುವ ಸೋಮವಾರ ಅಂಗಡಿಗೆ ಹೊಳ್ಳಿ ಕೊಟ್ಟುಬಿಡುವುದು. ‘ಹೊಳ್ಳಿ’ ಎಂಬುದನ್ನು ಕೇಳಿ ಬಸವಣ್ಣೆಪ್ಪ ಅರ್ಧ ರೊಟ್ಟಿಗೇ ಕೈ ತೊಳೆದಿದ್ದ. ತಾನು ಮಾಡಿದ್ದರಲ್ಲಿ ತಪ್ಪೇನು? ಬೆದರದಿರಲೆಂದು ತೊಟ್ಟಿಯ ಮೂರು ಮಗ್ಗುಲಿಗೆ ತನ್ನ ದೋತರ ಇಳಿಬಿಟ್ಟಿದ್ದ. ಅಡಗಲು ಹೆಂಚಿನ ಚೂರು ಇಟ್ಟಿದ್ದ. ರೋಗವೆಂದರೆ ಒಂದೇ, ಬಿಟ್ಟರೆ ಸಾಕು ಅಡ್ಡ ಬೀಳುತ್ತಿತ್ತು. ಕಾಲು ಚಾಚಿ ಅಡ್ಡ ಬಿದ್ದ ಎತ್ತನ್ನು ಎಬ್ಬಿಸದೆ ಬಿಟ್ಟರೆ ಹೊಟ್ಟೆ ಉಬ್ಬಿ ಸಾಯುತ್ತದೆ. ಕುರ್ಚಿಯನ್ನು ತೊಟ್ಟಿಗೆ ತಾಗಿಸಿ ಕುಳಿತು, ದಿನಕ್ಕೆ ನಲವತ್ತು ಸಲವಾದರೂ ಅವನು ಅದನ್ನು ಎಬ್ಬಿಸಿದ್ದ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನವೇ ಬಂದ ಅಂಕಿತಾ ಬಾಗಿಲಲ್ಲೇ ನಿಂತಳು.

“ಮಾವಾರ, ಕಡ್ಡಿಲೇ ಏನ್ ಮಾಡಾಕತ್ತೀರಿ?”

“ಎಬ್ಬಸಾಕತ್ತೇನವಾ. ಒಂದ ಸವನ ಅಡ್ಡ ಬೀಳ್ತೈತಿ.”

“ಎಂದಿನಿಂದ?”

“ಬಂದಾಗಿಂದ. ನೀ ಅತ್ತಾಗ ಹೋದಿ ಅಂದ್ರ ನಾ ಇತ್ತಾಗ ಕಣ್ಣ ತಗಿಯೂದಿಲ್ಲ.”

ಅಂಕಿತಾ ಹೆಗಲಿನ ಚೀಲದೊಡನೆಯೇ ನೆಲಕ್ಕೆ ಕುಳಿತು, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ಹೇಳಿದಳು, “ಅದು ಮಲಗೂದ ಹಂಗರಿ ಮಾವಾರ. ಈ ಜಾತಿ ಮೀನ ಮಗ್ಗಲಾಗೇ ಮಲಗ್ತಾವ. ಅದೂ ಹಗಲಿನಾಗ. ಅಂಗಡಿಯಾಂವ ಹೇಳಿದ್ದ, ನಿಮಗ ಹೇಳೂದ ಮರತೆ.”

ಅಡುಗೆಮನೆಯ ಬಾಗಿಲಿಗೆ ಬಂದಿದ್ದ ಹೆಂಡತಿ ಸರೋಜವ್ವ, “ಅಂದ್ರ ಐದ ದಿನ ಆ ಕೂಸಿನ ನಿದ್ದಿ ಕೆಡಿಸ್ಯಾರ ಅಂದಂಗಾತು. ಅನ್ನ ಹೆಂಗ ಸೇರಬೇಕ ಅದಕ್ಕ?” ಎಂದಳು.

ಬಸವಣ್ಣೆಪ್ಪ ಕಡ್ಡಿಯನ್ನು ನೋಡಿದ. ಎರಡು ತುಂಡು ಮಾಡಿ ಕಿಡಕಿಯಾಚೆ ಎಸೆದ. ಆಮೇಲೆ, ಎತ್ತಿನ ಯಜಮಾನನಿಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ, “ಹೊಳ್ಳಿ ಕೊಡೂದ ಬ್ಯಾಡ. ರೋಗ ತಿಳೀತಲ್ಲ, ಇನ್ನ ನಾಳಿಗೆ ಗುಣಾ,” ಎಂದ.

“ಏನ್ ಮಾಡ್ತೀರಿ?”

“ಏನೂ ಮಾಡೂದಿಲ್ಲ.”

ಏನೂ ಮಾಡದಿರುವುದು ಅವನು ಮಾಡಿದ ಕೆಲಸಗಳಲ್ಲೆಲ್ಲ ಕಠಿಣವಾದದ್ದಾಯಿತು. ಕುರ್ಚಿಯನ್ನು ಗೋಡೆಯವರೆಗೆ ಹಿಂದೆ ಸರಿಸಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕುಳಿತ. ಮೀನು ಅಡ್ಡಾದಾಗಲೆಲ್ಲ ಬಲಗೈ ತಾನಾಗಿ ಹೊರಬರುತ್ತಿತ್ತು, ಅದನ್ನು ಮತ್ತೆ ಒಳಗಿಡುತ್ತಿದ್ದ. ಸಂಜೆಯಾದರೂ ದೀಪ ಹಚ್ಚಗೊಡಲಿಲ್ಲ. ರವಿವಾರ ನಸುಕಿನಲ್ಲಿ ಎದ್ದು ದೋತರದ ಅಂಚು ಸರಿಸಿ ನೋಡಿದರೆ, ಕರಿಪಟ್ಟೆಗಳು ಇದ್ದಿಲಿನಂತೆ ಎದ್ದು ಕಾಣುತ್ತಿದ್ದವು. ಮೀನು ಮೀಸೆಯಿಂದ ಮರಳು ಕೆದರುತ್ತ ಒಂದೊಂದೇ ಕಾಳು ಹೆಕ್ಕುತ್ತಿತ್ತು. ಅವನು ಸೊಸೆಯನ್ನು ಕರೆದು ತೋರಿಸಿ, “ಇನ್ನೆರಡ ತರಾಕ ಅಡ್ಡಿಯಿಲ್ಲ ನೋಡು,” ಎಂದಷ್ಟೇ ಹೇಳಿದ.

ಮಧ್ಯಾಹ್ನ ಊಟವಾದ ಮೇಲೆ ಮೀನು ಹೆಂಚಿನ ನೆರಳಿನಲ್ಲಿ ನಿಶ್ಚಿಂತೆಯಿಂದ ಮಗ್ಗುಲಾಯಿತು. ಬಸವಣ್ಣೆಪ್ಪನ ಕೈ ಕದಲಲಿಲ್ಲ. ಸರೋಜವ್ವ ಕೈ ಒರೆಸಿಕೊಳ್ಳುತ್ತ ಬಂದು ಕೊಂಚ ಹೊತ್ತು ಗಾಜಿನೊಳಗೆ ನೋಡಿದಳು. ಆಮೇಲೆ ಮೂಲೆಯ ಚಾಪೆ ತಂದು ತೊಟ್ಟಿಯ ಮುಂದೆಯೇ ಹಾಸಿ, ತೋಳನ್ನೇ ತಲೆದಿಂಬು ಮಾಡಿಕೊಂಡು ಅಡ್ಡಾದಳು.

“ಯಾಕ, ಆರಾಮಿಲ್ಲೇನ?” ಬಸವಣ್ಣೆಪ್ಪ ಕುರ್ಚಿಯಿಂದ ಅರ್ಧ ಎದ್ದ.

“ಮದುವ್ಯಾಗಿ ಬಂದಾಗಿಂದ ಇದನ್ನ ಕೇಳಿ ಕೇಳೇ ನನ್ನ ಎಬ್ಬಿಸೀರಿ,” ಎಂದು ಸರೋಜವ್ವ ಗಾಜಿನ ಕಡೆಗೆ ಮಗ್ಗುಲಾಗಿ ಕಣ್ಣು ಮುಚ್ಚಿದಳು.